ಅಮೆರಿಕದಲ್ಲಿ ಕಾರಿನ ರೀಕಾಲ್: ವಿದ್ಯುತ್ ದೋಷವಿದ್ದರೆ ಮಾಲೀಕರು ಮಾಡಬೇಕಾದ್ದು

ಓದಲೋ ಕೆಲಸಕ್ಕೋ ಅಮೆರಿಕಕ್ಕೆ ಬಂದ ಕನ್ನಡಿಗರಲ್ಲಿ ಅನೇಕರು ಮೊದಲು ಕೊಳ್ಳುವುದು ಎಂಟು ಹತ್ತು ವರ್ಷ ಓಡಿದ, ಎರಡು ಮೂರು ಕೈ ಬದಲಾದ ಕಾರನ್ನು. ಎಷ್ಟು ಮೈಲಿ ಓಡಿದೆ, ಅಪಘಾತವಾಗಿದೆಯೇ, ಟೈರು ಹೇಗಿದೆ ಎಂದೆಲ್ಲ ವಿಚಾರಿಸುವವರು ದುರಸ್ತಿಯಾಗದೆ ಉಳಿದ ಸುರಕ್ಷತಾ ರೀಕಾಲ್, ಅಂದರೆ ದೋಷ ಸರಿಪಡಿಸಲೆಂದು ತಯಾರಕರೇ ವಾಹನವನ್ನು ಹಿಂದಕ್ಕೆ ಕರೆದದ್ದು, ಇದೆಯೇ ಎಂದು ಕೇಳುವುದು ಅಪರೂಪ. ಭಾರತದಲ್ಲಿ ರೀಕಾಲ್‌ಗೆ ಕಾನೂನಿನ ಬಲ ಬಂದದ್ದೇ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ. ಅದುವರೆಗೆ ಅದು ತಯಾರಕರ ಸ್ವಇಚ್ಛೆಗೆ ಬಿಟ್ಟ ವಿಷಯವಾಗಿತ್ತಾದ್ದರಿಂದ ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ಅಮೆರಿಕದಲ್ಲಿ ಇದು 1966ರಿಂದಲೂ ಕಾನೂನು. ಆದರೆ ಕೇಂದ್ರ ಸರ್ಕಾರದ ಆ ಕಾನೂನು ಕಟ್ಟಿಹಾಕುವುದು ತಯಾರಕರನ್ನು. ದುರಸ್ತಿ ಮಾಡಿಸಿಕೊಳ್ಳಲೇಬೇಕೆಂದು ಅದು ಮಾಲೀಕರನ್ನು ಒತ್ತಾಯಿಸುವುದಿಲ್ಲ, ಮಾಡಿಸದವರನ್ನು ಹುಡುಕಿಕೊಂಡೂ ಬರುವುದಿಲ್ಲ.

ಈ ಕಾನೂನನ್ನು ಜಾರಿಗೊಳಿಸುವ ಕೇಂದ್ರ ಸಂಸ್ಥೆ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ, ಎಲ್ಲರ ಬಾಯಲ್ಲಿ ಎನ್‌ಎಚ್‌ಟಿಎಸ್‌ಎ. ಸುರಕ್ಷತೆಗೆ ಧಕ್ಕೆ ತರುವ ದೋಷ ತನ್ನ ವಾಹನದಲ್ಲಿದೆ ಎಂದು ತಯಾರಕ ತೀರ್ಮಾನಕ್ಕೆ ಬಂದರೆ, ಐದು ಕೆಲಸದ ದಿನಗಳೊಳಗೆ ಈ ಸಂಸ್ಥೆಗೆ ವರದಿ ಸಲ್ಲಿಸಬೇಕು. ವರದಿ ಸಲ್ಲಿಸಿದ 60 ದಿನಗಳೊಳಗೆ ಮಾಲೀಕರಿಗೆ ಅಂಚೆಯ ಮೂಲಕ ಪತ್ರ ಬರೆಯಬೇಕು. ದೋಷವನ್ನು ಉಚಿತವಾಗಿ ಸರಿಪಡಿಸಬೇಕು, ಇಲ್ಲವೇ ವಾಹನವನ್ನು ಬದಲಿಸಿಕೊಡಬೇಕು, ಅದೂ ಅಲ್ಲವಾದರೆ ಸವಕಳಿ ಕಳೆದು ಹಣ ಹಿಂತಿರುಗಿಸಬೇಕು. ಬಹುಪಾಲು ಸಂದರ್ಭಗಳಲ್ಲಿ ಆಗುವುದು ದುರಸ್ತಿಯೇ. ವಾರಂಟಿ ಮುಗಿದಿರುವುದಾಗಲಿ, ನೀವು ನಾಲ್ಕನೆಯ ಮಾಲೀಕರಾಗಿರುವುದಾಗಲಿ ಇದಕ್ಕೆ ಅಡ್ಡಿಯಲ್ಲ. ಮಿತಿ ಒಂದೇ: ವಾಹನ ಮೊದಲ ಬಾರಿಗೆ ಮಾರಾಟವಾಗಿ 15 ವರ್ಷ ಕಳೆದ ಮೇಲೆ ರೀಕಾಲ್ ಬಂದರೆ ಉಚಿತ ದುರಸ್ತಿಯ ಹಕ್ಕು ಇರುವುದಿಲ್ಲ.

ಎಲ್ಲ ರೀಕಾಲ್‌ಗಳೂ ಒಂದೇ ತೂಕದವಲ್ಲ. ತಪ್ಪಾಗಿ ಅಚ್ಚಾದ ಲೇಬಲ್‌ಗೂ ರೀಕಾಲ್ ಆಗುವುದುಂಟು. ವಿದ್ಯುತ್ ದೋಷಗಳನ್ನು ಬೇರೆಯಾಗಿ ನೋಡಬೇಕಾದ ಕಾರಣವೆಂದರೆ, ಅವುಗಳಲ್ಲಿ ಹಲವು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಬ್ರೇಕ್ ಪ್ಯಾಡ್ ಸವೆದರೆ ಸದ್ದು ಮಾಡುತ್ತದೆ. ಸರ್ಕ್ಯೂಟ್ ಬೋರ್ಡಿನೊಳಗಿನ ಶಾರ್ಟ್ ಸರ್ಕ್ಯೂಟ್ ಹಾಗಲ್ಲ. 2014ರಲ್ಲಿ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆದದ್ದು ಇಗ್ನಿಷನ್ ಸ್ವಿಚ್ಚಿನ ದೋಷಕ್ಕೆ: ಓಡುತ್ತಿರುವಾಗಲೇ ಕೀ ತನ್ನ ಸ್ಥಾನದಿಂದ ಜಾರಿ ಇಂಜಿನ್ ನಿಲ್ಲುತ್ತಿತ್ತು, ಜೊತೆಗೆ ಏರ್‌ಬ್ಯಾಗಿಗೆ ಹೋಗುವ ವಿದ್ಯುತ್ತೂ ಕಡಿತವಾಗುತ್ತಿತ್ತು. ಸಂತ್ರಸ್ತರಿಗಾಗಿ ಕಂಪನಿ ಸ್ಥಾಪಿಸಿದ ಪರಿಹಾರ ನಿಧಿಯು ಈ ದೋಷಕ್ಕೆ ಸಂಬಂಧಿಸಿ ಒಪ್ಪಿಕೊಂಡ ಸಾವುಗಳು 124. ಅಷ್ಟು ಜೀವಗಳು ಹೋದದ್ದು ಒಂದು ಪುಟ್ಟ ಸ್ವಿಚ್ಚಿನಿಂದ, ಅದೂ ಕಂಪನಿಯೊಳಗೆ ವರ್ಷಗಳ ಹಿಂದೆಯೇ ಗೊತ್ತಿದ್ದ ದೋಷದಿಂದ.

ಓಡುವಾಗ ಕೈಕೊಡುವ ದೋಷ ಒಂದು ಬಗೆಯಾದರೆ, ನಿಂತಾಗಲೂ ಹೊತ್ತಿಕೊಳ್ಳುವುದು ಇನ್ನೊಂದು. 2023ರ ಸೆಪ್ಟೆಂಬರಿನಲ್ಲಿ ಹುಂಡೈ ಮತ್ತು ಕಿಯಾ ಸೇರಿ ಅಮೆರಿಕದಲ್ಲಿ ಸುಮಾರು 34 ಲಕ್ಷ ವಾಹನಗಳಿಗೆ ರೀಕಾಲ್ ಘೋಷಿಸಿದವು. ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ನಿಯಂತ್ರಣ ಘಟಕದೊಳಗೆ ಬ್ರೇಕ್ ದ್ರವ ಸೋರಿ ಶಾರ್ಟ್ ಸರ್ಕ್ಯೂಟ್ ಆಗಬಹುದಿತ್ತು. ಕೀ ತೆಗೆದು ಮನೆಯೊಳಗೆ ಹೋದ ಮೇಲೂ ಬೆಂಕಿ ಹತ್ತುವ ಸಾಧ್ಯತೆ ಇತ್ತು. ಆದ್ದರಿಂದಲೇ ದುರಸ್ತಿಯಾಗುವವರೆಗೆ ಕಾರನ್ನು ಮನೆ, ಕಟ್ಟಡಗಳಿಂದ ದೂರ ಬಯಲಿನಲ್ಲಿ ನಿಲ್ಲಿಸಿ ಎಂದು ಮಾಲೀಕರಿಗೆ ಹೇಳಲಾಯಿತು. ದುರಸ್ತಿಯಾದರೋ ಒಂದು ಫ್ಯೂಸ್ ಬದಲಾವಣೆ. ಇಷ್ಟು ದೊಡ್ಡ ಭಯಕ್ಕೆ ಇಷ್ಟೇ ಮದ್ದೇ ಎಂದು ಅನ್ನಿಸಿದರೆ ತಪ್ಪಿಲ್ಲ; ಆ ಘಟಕಕ್ಕೆ ಹರಿಯುವ ವಿದ್ಯುತ್ತನ್ನು ಮಿತಿಯಲ್ಲಿಡುವುದು ಅದರ ಉದ್ದೇಶ.

ಎಲೆಕ್ಟ್ರಿಕ್ ಕಾರುಗಳಲ್ಲಿ ಷೆವ್ರೊಲೆ ಬೋಲ್ಟ್ ಪ್ರಕರಣವನ್ನು ನೆನೆಯಬಹುದು. ಬ್ಯಾಟರಿ ಕೋಶಗಳ ತಯಾರಿಕೆಯಲ್ಲಿ ಉಳಿದ ದೋಷಗಳಿಂದ ಬೆಂಕಿ ಕಾಣಿಸಿಕೊಂಡು, 2021ರ ಆಗಸ್ಟ್ ವೇಳೆಗೆ ಅದುವರೆಗೆ ತಯಾರಾದ ಎಲ್ಲ ಬೋಲ್ಟ್‌ಗಳೂ, ಸುಮಾರು 1.4 ಲಕ್ಷ ವಾಹನಗಳು, ರೀಕಾಲ್ ವ್ಯಾಪ್ತಿಗೆ ಬಂದವು. ಹೊಸ ಬ್ಯಾಟರಿ ಭಾಗಗಳು ಸಿಗುವವರೆಗೆ ಮಾಲೀಕರು ಶೇ. 90ಕ್ಕಿಂತ ಹೆಚ್ಚು ಚಾರ್ಜ್ ಮಾಡಬಾರದು, ಉಳಿದ ಓಟ 70 ಮೈಲಿಗಿಂತ ಕೆಳಗಿಳಿಯಲು ಬಿಡಬಾರದು, ರಾತ್ರಿಯಿಡೀ ಮನೆಯೊಳಗೆ ಚಾರ್ಜಿಗೆ ಹಾಕಬಾರದು ಎಂಬ ಸೂಚನೆಗಳಿದ್ದವು. ಹೀಗೆ ಬಿಡಿಭಾಗ ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ನನ್ನ ದೃಷ್ಟಿಯಲ್ಲಿ ರೀಕಾಲ್ ಪತ್ರದ ಅತಿ ಮುಖ್ಯ ಭಾಗವೆಂದರೆ ದುರಸ್ತಿಯ ವಿವರವಲ್ಲ, ದುರಸ್ತಿಯವರೆಗೆ ಏನು ಮಾಡಬೇಕೆಂಬ ಆ ನಾಲ್ಕು ಸಾಲು. ಹೊರಗೆ ನಿಲ್ಲಿಸಿ ಎಂದಿದ್ದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಜಾಗ ಪಡೆದವರು ಆಡಳಿತ ಕಚೇರಿಗೆ ಪತ್ರದ ಪ್ರತಿಯೊಂದಿಗೆ ಬರೆದು ಬಯಲಿನಲ್ಲಿ ಜಾಗ ಕೇಳಬೇಕು; ಮೇಲಿನ ಮಹಡಿಗಳಲ್ಲಿ ಮಲಗುವವರ ಕ್ಷೇಮವೂ ಇದರಲ್ಲಿದೆ. ಓಡಿಸಲೇಬೇಡಿ ಎಂದಿದ್ದರೆ ಡೀಲರ್ ಬಳಿಗೂ ಓಡಿಸಿಕೊಂಡು ಹೋಗಬಾರದು. ಟೋ ಮಾಡಿಸಿಕೊಡುವಂತೆ ತಯಾರಕರನ್ನೇ ಕೇಳಬೇಕು. ದುರಸ್ತಿಯಾಗುವವರೆಗೆ ಓಡಿಸಲು ತಾತ್ಕಾಲಿಕ ಕಾರನ್ನು ಕೊಡಲೇಬೇಕೆಂದು ಕಾನೂನು ಹೇಳುವುದಿಲ್ಲವಾದರೂ ಕೇಳಿದವರಿಗೆ ಸಿಗುವುದುಂಟು.

ಪತ್ರ ಬಾರದಿದ್ದರೆ ದೋಷವಿಲ್ಲ ಎಂದು ಭಾವಿಸುವಂತಿಲ್ಲ. ವಿಳಾಸಗಳು ಬರುವುದು ರಾಜ್ಯಗಳ ವಾಹನ ನೋಂದಣಿ ದಾಖಲೆಗಳಿಂದ. ಡಾಲಸ್‌ನಲ್ಲಿ ನೋಂದಣಿಯಾದ ಕಾರಿನೊಂದಿಗೆ ಸಿಯಾಟಲ್‌ಗೆ ಮನೆ ಬದಲಿಸಿ ಡಿಎಂವಿ (ರಾಜ್ಯದ ವಾಹನ ನೋಂದಣಿ ಕಚೇರಿ) ಕೆಲಸವನ್ನು ಮುಂದೂಡಿದವರ ಪತ್ರ ಹಳೆಯ ಬಾಗಿಲಿಗೇ ಹೋಗುತ್ತದೆ. ಆದ್ದರಿಂದ ವಿನ್, ಅಂದರೆ ವಾಹನದ ಗುರುತಿನ ಸಂಖ್ಯೆಯಿಂದ ತಾವೇ ಹುಡುಕುವುದು ಒಳ್ಳೆಯದು. ಹದಿನೇಳು ಅಕ್ಷರ ಮತ್ತು ಅಂಕಿಗಳ ಈ ಸಂಖ್ಯೆ ಚಾಲಕನ ಕಡೆ ವಿಂಡ್‌ಶೀಲ್ಡಿನ ಕೆಳತುದಿಯಲ್ಲಿಯೂ ನೋಂದಣಿ ಪತ್ರದಲ್ಲಿಯೂ ಇರುತ್ತದೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲವಾದ್ದರಿಂದ ಹಾಗೆ ಕಂಡರೆ ಒಂದು ಅಥವಾ ಸೊನ್ನೆ ಎಂದು ಓದಿಕೊಳ್ಳಬೇಕು. ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಅದನ್ನು ನಮೂದಿಸಿದರೆ ದುರಸ್ತಿಯಾಗದ ರೀಕಾಲ್‌ಗಳು ಕಾಣುತ್ತವೆ. ಈಗಷ್ಟೇ ಘೋಷಣೆಯಾದವು ಅಲ್ಲಿ ತಡವಾಗಿ ಸೇರಬಹುದು. ಹದಿನೈದು ವರ್ಷಕ್ಕಿಂತ ಹಳೆಯ ರೀಕಾಲ್‌ಗಳು ಕಾಣದಿರಬಹುದು. ವರ್ಷಕ್ಕೆ ಎರಡು ಬಾರಿಯಾದರೂ ನೋಡಿ ಎಂಬುದು ಸಂಸ್ಥೆಯ ಸಲಹೆ; ಗಡಿಯಾರದ ಮುಳ್ಳು ತಿರುಗಿಸುವ ಮಾರ್ಚ್ ಮತ್ತು ನವೆಂಬರಿನಲ್ಲಿ ಇದನ್ನೂ ಮುಗಿಸಿದರೆ ಮರೆಯುವುದಿಲ್ಲ.

ಕೊಳ್ಳುವ ಮೊದಲು ಈ ಹುಡುಕಾಟ ಇನ್ನೂ ಮುಖ್ಯ. ದುರಸ್ತಿಯಾಗದ ಹೊಸ ಕಾರನ್ನು ಡೀಲರ್ ಮಾರುವಂತಿಲ್ಲ, ಆದರೆ ಬಳಸಿದ ಕಾರಿಗೆ ಕೇಂದ್ರ ಕಾನೂನಿನಲ್ಲಿ ಅಂಥ ತಡೆಯಿಲ್ಲ. ಬಾಡಿಗೆ ಕಾರುಗಳದ್ದು ಬೇರೆ ಕಥೆ: 35ಕ್ಕಿಂತ ಹೆಚ್ಚು ವಾಹನಗಳಿರುವ ಕಂಪನಿಗಳು ದುರಸ್ತಿಯಾಗದ ಕಾರನ್ನು ಬಾಡಿಗೆಗೆ ಕೊಡುವುದನ್ನು 2016ರ ಜೂನ್‌ನಿಂದ ನಿಷೇಧಿಸಲಾಗಿದೆ. ಲೀಸಿನ ಕಾರಾದರೆ ಪತ್ರ ಲೀಸಿಂಗ್ ಕಂಪನಿಗೆ ಬರುತ್ತದೆ; ಅದು ಹತ್ತು ದಿನಗಳೊಳಗೆ ನಿಮಗೆ ಕಳಿಸಬೇಕು.

ದುರಸ್ತಿಯನ್ನು ಆ ಬ್ರ್ಯಾಂಡಿನ ಅಧಿಕೃತ ಡೀಲರ್ ಬಳಿ, ಯಾವ ಊರಿನಲ್ಲಾದರೂ ಮಾಡಿಸಬಹುದು. ಎಷ್ಟೇ ನಂಬಿಕಸ್ಥರಾದರೂ ಬಡಾವಣೆಯ ಮೆಕ್ಯಾನಿಕ್ ಬಳಿ ಇದು ಉಚಿತವಾಗಿ ಆಗುವುದಿಲ್ಲ. ಫೋನ್ ಮಾಡುವಾಗ ವಿನ್ ಮತ್ತು ರೀಕಾಲ್ ಸಂಖ್ಯೆಗಳನ್ನು ಹೇಳಿ ಬಿಡಿಭಾಗ ಬಂದಿದೆಯೇ ಎಂದು ಕೇಳಬೇಕು. ಕಾರು ಕೊಟ್ಟ ದಿನಾಂಕವಿರುವ ರಸೀದಿಯನ್ನು ಕೇಳಿ ಪಡೆಯುವುದಕ್ಕೆ ಗಟ್ಟಿ ಕಾರಣವಿದೆ: ವಾಹನವನ್ನು ದುರಸ್ತಿಗೆ ಒಪ್ಪಿಸಿದ 60 ದಿನಗಳೊಳಗೆ ಸಮರ್ಪಕವಾಗಿ ಸರಿಯಾಗದಿದ್ದರೆ ಅದನ್ನು ವಿಳಂಬಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಕಾನೂನು ಪರಿಗಣಿಸುತ್ತದೆ, ಬದಲಿ ವಾಹನ ಅಥವಾ ಹಣ ಕೇಳುವ ದಾರಿ ಅಲ್ಲಿಂದ ತೆರೆಯುತ್ತದೆ. ಡೀಲರ್ ಬಳಿ ಹೋಗದೆಯೇ ಇಂಟರ್ನೆಟ್ ಮೂಲಕ ಕಾರಿಗೆ ಬರುವ ಸಾಫ್ಟ್‌ವೇರ್ ಪರಿಹಾರವೂ ರೀಕಾಲೇ. ಕಾರಿನ ಪರದೆಯಲ್ಲಿ ಹೊಸ ಆವೃತ್ತಿ ಬಂದಿದೆಯೇ ನೋಡಿಕೊಳ್ಳಬೇಕು. ಪತ್ರ ಹಣ ಕೇಳಿದರೆ, ವಾರಂಟಿ ವಿಸ್ತರಿಸಿ ಎಂದರೆ, ಅದು ರೀಕಾಲ್ ಅಲ್ಲ, ವ್ಯಾಪಾರ.

ಅದೇ ದೋಷವನ್ನು ರೀಕಾಲ್ ಘೋಷಣೆಗೂ ಮೊದಲೇ ನಿಮ್ಮ ಹಣದಿಂದ ಸರಿಪಡಿಸಿಕೊಂಡಿದ್ದರೆ ಬಿಲ್ಲುಗಳನ್ನು ತಯಾರಕರಿಗೆ ಕಳಿಸಿ ಮರುಪಾವತಿ ಕೇಳಬಹುದು. ಅದರ ನಿಯಮಗಳೂ ಗಡುವೂ ಪತ್ರದಲ್ಲಿಯೇ ಇರುತ್ತವೆ. ಡೀಲರ್ ದುರಸ್ತಿಗೆ ಒಪ್ಪದಿದ್ದರೆ ಮೊದಲು ತಯಾರಕರ ಗ್ರಾಹಕ ಸೇವೆಗೆ, ಅಲ್ಲಿಯೂ ಆಗದಿದ್ದರೆ ಎನ್‌ಎಚ್‌ಟಿಎಸ್‌ಎಗೆ ದೂರು ಕೊಡಬೇಕು, ಸಹಾಯವಾಣಿ 888-327-4236. ರೀಕಾಲ್ ಇಲ್ಲದ ಕಾರಿನಲ್ಲಿಯೇ ಸುಟ್ಟ ವೈರಿನ ವಾಸನೆ ಬಂದರೆ, ಓಡುವಾಗ ದೀಪಗಳು ಒಮ್ಮೆಗೇ ಆರಿದರೆ, ಅದನ್ನೂ ಅಲ್ಲಿಯೇ ವರದಿ ಮಾಡಬಹುದು; ವೀಸಾ ಯಾವುದಿದ್ದರೂ ಅಡ್ಡಿಯಿಲ್ಲ. ಒಂದೇ ಮಾದರಿಯ ಬಗ್ಗೆ ಒಂದೇ ಬಗೆಯ ದೂರುಗಳು ಬಂದಾಗ ಸಂಸ್ಥೆ ತನಿಖೆ ಆರಂಭಿಸಬಹುದು, ಎಷ್ಟೋ ರೀಕಾಲ್‌ಗಳು ಹೊರಟದ್ದು ಅಂಥ ತನಿಖೆಗಳಿಂದಲೇ.