ಕೊಳೆತ ಮೇಲೇ ಚೆಂದ, ಈ ಅರಳಿ ಎಲೆ

ಪುಸ್ತಕದೊಳಗೆ ಅರಳಿ ಎಲೆ ಇಟ್ಟು, ಅದು ಜಾಲರಿ ಆಗುತ್ತದೆ ಎಂದು ಚಿಕ್ಕಂದಿನಲ್ಲಿ ಕಾದವರು ಬಹಳ ಮಂದಿ ಅಲ್ವಾ? ನನ್ನ ಎಲೆ ವರ್ಷ ಕಳೆದರೂ ಜಾಲರಿ ಆಗಲಿಲ್ಲ, ಒಣಗಿ ಪುಡಿಯಾಯಿತು. ಎಲೆಯ ಮೆತ್ತಗಿನ ಭಾಗ ಕೊಳೆಯಬೇಕು, ಕೊಳೆಯಲು ನೀರು ಬೇಕು. ನೀರಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ, ಗಟ್ಟಿ ನರಗಳ ತಂಟೆಗೆ ಅಷ್ಟು ಬೇಗ ಹೋಗುವುದಿಲ್ಲ.

ಮೊದಲು ಎಲೆ ಹುಡುಕಿ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ನಾಗರಕಲ್ಲುಗಳ ಜೊತೆ ಒಂದು ಅರಳಿಕಟ್ಟೆ ಇದ್ದೇ ಇರುತ್ತದೆ. ಮರದಿಂದ ಕೀಳಬೇಡಿ, ಪ್ರದಕ್ಷಿಣೆ ಹಾಕುವ ಅಜ್ಜಿಯರು ಸುಮ್ನೆ ಬಿಡುವುದಿಲ್ಲ. ಬೆಳಿಗ್ಗೆ ಕಸ ಗುಡಿಸುವ ಮುಂಚೆ ಹೋದರೆ ಆಗಷ್ಟೇ ಬಿದ್ದ ಎಲೆ ಸಿಗುತ್ತವೆ. ಬಲಿತದ್ದು, ತೂತಿಲ್ಲದ್ದು, ತುದಿಯ ಬಾಲ ಮುರಿಯದ್ದು ಆರಿಸಿ. ತಾಮ್ರ ಬಣ್ಣದ ಚಿಗುರು ಬೇಡ, ನರ ಇನ್ನೂ ಎಳಸು. ಹತ್ತು ಎಲೆ ತನ್ನಿ. ಮೂರೋ ನಾಲ್ಕೋ ಹರಿದೇ ಹೋಗುತ್ತವೆ.

ಅಗಲ ಬಾಯಿಯ ಡಬ್ಬದಲ್ಲಿ ಎಲೆ ಮುಳುಗುವಷ್ಟು ನೀರು ಹಾಕಿ, ಮೇಲೊಂದು ಕಲ್ಲು ಇಡಿ. ಬಾಯಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ನಾತ ಬರುತ್ತದೆ, ಬಂದರೇನೇ ಕೆಲಸ ಆಗುತ್ತಿದೆ ಎಂದರ್ಥ. ನಾನು ಮೊದಲ ಸಲ ಬಚ್ಚಲುಮನೆಯಲ್ಲಿಟ್ಟು ಮನೆಮಂದಿಯಿಂದೆಲ್ಲ ಬೈಸಿಕೊಂಡೆ. ಈಗ ಬಾಲ್ಕನಿ ಮೂಲೆ. ಬೇಸಿಗೆಯಲ್ಲಿ ಎರಡು ಮೂರು ವಾರ ಸಾಕು, ಡಿಸೆಂಬರ್ ಚಳಿಯಲ್ಲಿ ತಿಂಗಳು ದಾಟಬಹುದು.

ಅಷ್ಟು ತಾಳ್ಮೆ ಇಲ್ಲವೆಂದರೆ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಸಣ್ಣ ಉರಿಯಲ್ಲಿ ಸುಮಾರು 1 ಗಂಟೆ ಕುದಿಸಿ. ಸ್ಟೀಲ್ ಪಾತ್ರೆಯೇ ಆಗಲಿ, ಅಲ್ಯೂಮಿನಿಯಂ ಅನ್ನು ಸೋಡಾ ತಿನ್ನುತ್ತದೆ. ಕೈಗೆ ಗ್ಲೌಸ್ ಇರಲಿ, ಮಕ್ಕಳು ಒಲೆಯ ಹತ್ತಿರ ಬೇಡ. ನನಗಂತೂ ನೀರಿನ ದಾರಿಯೇ ಇಷ್ಟ.

ಇನ್ನು ಉಜ್ಜುವುದು. ನಿಜವಾದ ಕಲೆ ಇರುವುದು ಇಲ್ಲೇ. ಎಲೆಯನ್ನು ತಟ್ಟೆಯ ಮೇಲೆ ಅಗಲವಾಗಿ ಹರಡಿ, ಸ್ವಲ್ಪ ನೀರು ಬಿಡಿ. ಹಳೇ ಮೆತ್ತಗಿನ ಟೂತ್‌ಬ್ರಷ್ಷಿನಿಂದ ಉಜ್ಜುವುದಕ್ಕಿಂತ ತಟ್ಟುವುದು ಒಳ್ಳೆಯದು. ಲೋಳೆ ಕಳಚಿಕೊಳ್ಳುತ್ತದೆ. ನಡುವಿನ ದಪ್ಪ ನರದಿಂದ ಅಂಚಿನ ಕಡೆಗೆ ಬನ್ನಿ. ಅಂಚಿನಿಂದ ಒಳಗೆ ಎಳೆದರೆ ಹರಿಯಿತೆಂದೇ ಲೆಕ್ಕ. ಬಾಲದ ಹತ್ತಿರ ಬ್ರಷ್ ಬೇಡ, ಬೆರಳ ತುದಿ ಸಾಕು. ಒಂದು ಕಡೆ ಆದ ಮೇಲೆ ಎಲೆಯನ್ನು ಕೈಯಲ್ಲಿ ಎತ್ತಬೇಡಿ. ಇನ್ನೊಂದು ತಟ್ಟೆ ಮುಚ್ಚಿ, ದೋಸೆ ಮಗುಚಿದ ಹಾಗೆ ಮಗುಚಿ. ಎಲ್ಲೋ ಹಸಿರು ಬಿಡದಿದ್ದರೆ ಬಲ ಹಾಕಬೇಡಿ, ಇನ್ನೆರಡು ದಿನ ನೀರಿಗೆ ಹಾಕಿ.

ತೊಳೆದು, ಹಳೇ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ. ಮಾರನೇ ದಿನಕ್ಕೆ ಒಣಗಿರುತ್ತದೆ.

ಬಣ್ಣ ಬೇಕೇ? ಆರತಿಗೆ ಮಾಡುವ ಓಕುಳಿಯೇ ಸಾಕು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ, ಎಲೆಯನ್ನು ಅರ್ಧ ಗಂಟೆ ನೆನೆಸಿ, ಕೆಂಪಾಗುತ್ತದೆ. ಒಣಗಿದ ಮೇಲೆ ಕಡ್ಡಿಯನ್ನು ನಿಂಬೆರಸಕ್ಕೆ ಅದ್ದಿ ಎಲೆಗೆ ಮುಟ್ಟಿಸಿದರೆ, ಮುಟ್ಟಿದ ಕಡೆ ಹಳದಿ ಚುಕ್ಕೆ ಮೂಡುತ್ತದೆ. ಮಕ್ಕಳಿಗೆ ಇದೇ ದೊಡ್ಡ ಮೋಜು. ಫ್ರೇಮ್ ಹಾಕಿಸಿದರೆ ಬಿಸಿಲು ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡಿ, ಅರಿಶಿನದ ಬಣ್ಣ ಬೇಗ ಮಾಸುತ್ತದೆ.