ಭಿನ್ನರಾಶಿ ಸಮೀಕರಣ: 18ರ ಬದಲು 30 ಬರುತ್ತಿದ್ದರೆ

ಧಾರವಾಡದ ಮನೆಯಲ್ಲಿ ಎಂಟನೇ ತರಗತಿಯ ಮಗಳಿಗೆ ಲೆಕ್ಕ ಹೇಳಿಕೊಡುವಾಗ ಎಕ್ಸ್/3 − (ಎಕ್ಸ್ − 2)/4 = 2 ಒಂದು ವಾರ ಬಗೆಹರಿಯಲಿಲ್ಲ. ಪ್ರತಿ ಸಲ 30 ಬರುತ್ತಿತ್ತು, ಪುಸ್ತಕದ ಹಿಂದೆ ನೋಡಿದರೆ 18.

ದಶಮಾಂಶ ಮಾಡಿ ನೋಡಿದೆವು, 0.33, 0.25 ಅಂತ. 18.75 ಬಂತು. 1/3 ಅಂದರೆ ಪೂರ್ತಿ 0.33 ಅಲ್ವಲ್ಲ. ಛೇದಗಳ ಲ.ಸಾ.ಅ. (3, 4 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12ರಿಂದ ಎಡಗಡೆ ಮಾತ್ರ ಗುಣಿಸಿದರೆ −4.

ಸರಿಹೋದದ್ದು ಹೀಗೆ. ಅಚ್ಚಿನಲ್ಲಿ ಇರಲಿ ಬಿಡಲಿ, ಮೊದಲು ಎಕ್ಸ್ − 2ಕ್ಕೆ ಆವರಣ ಹಾಕಿ, ಆಮೇಲೆ ಪ್ರತಿ ಪದವನ್ನೂ, ಬಲಗಡೆ ಒಂಟಿಯಾಗಿ ಕೂತ 2ನ್ನೂ ಬಿಡದೆ, 12ರಿಂದ ಗುಣಿಸಿ: 4ಎಕ್ಸ್ − 3(ಎಕ್ಸ್ − 2) = 24. ನಾವು ಎಡವಿದ್ದು ಇಲ್ಲೇ. −3 ಇಂಟು −2 ಅಂದರೆ +6. ನಾವು ಸುಮ್ನೆ −6 ಬರೆಯುತ್ತಿದ್ದೆವು. ಈಗ ಎಕ್ಸ್ + 6 = 24, ಅಂದರೆ ಎಕ್ಸ್ = 18. ತಾಳೆ: 18/3 = 6, 16/4 = 4, 6 − 4 = 2.