ಕ್ಲಿನಿಕ್ ನಡೆಸುತ್ತಲೇ ಪಿಎಚ್‌.ಡಿ: ಪ್ರಶ್ನೆ ಹಿಡಿಯುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಸಂಶೋಧನೆ ಮಾಡುತ್ತೇವೆಂದು ಬರುವ ಫ್ಯಾಮಿಲಿ ಡಾಕ್ಟರುಗಳ ಕೈಯಲ್ಲಿ ‘ಮಲೆನಾಡಿನಲ್ಲಿ ಮಧುಮೇಹ: ಒಂದು ಅಧ್ಯಯನ’ ಎಂಬಂಥ ಶೀರ್ಷಿಕೆ ಇರುತ್ತದೆ. ಅದು ಪ್ರಶ್ನೆಯಲ್ಲ, ಬೋರ್ಡು. ಕೆಲಸ ಕೆಡುವುದು ಅಲ್ಲೇ.

ನೋಂದಣಿ ಕಷ್ಟವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಕನಿಷ್ಠ 3 ವರ್ಷ, ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್, ಪಾರ್ಟ್‌ಟೈಮ್‌ಗೂ ಅವಕಾಶವಿದೆ. ಗೈಡ್ ಆರಿಸುವಾಗ ಬಿರುದು ನೋಡಬೇಡಿ, ಫೋನ್ ಎತ್ತುತ್ತಾರಾ ನೋಡಿ.

ಇನ್ನು ಪ್ರಶ್ನೆ. ಎರಡು ವಾರ ರೋಗಿಗಳನ್ನು ನೋಡುವ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಖಚಿತವಾಗಿ ಗೊತ್ತಿಲ್ಲದೆ ಅಂದಾಜಿನ ಮೇಲೆ ಹೇಳಿ ಕಳಿಸಿದ್ದನ್ನೆಲ್ಲ ಒಂದೊಂದು ಸಾಲು ಬರೆಯಿರಿ. ಒಬ್ಬರ ಪುಸ್ತಕದಲ್ಲಿ ಹೀಗಿತ್ತು: ‘ಮಳೆ ಹಿಡಿದ ಮೇಲೆ ಬಿಪಿಯವರು ಯಾಕೆ ಕಾಣುವುದಿಲ್ಲ?’ ಇದು ಬೀಜ. ಬಿಡಿಸಿದರೆ: ಬಿಪಿ ಮಾತ್ರೆ ತಗೊಳ್ಳುವ, 40 ದಾಟಿದವರಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸತತ ಒಂದು ವಾರ ಮಾತ್ರೆ ಬಿಡುವವರು ಎಷ್ಟು?

‘ಬಿಡುವುದು’ ಎಂದರೇನು? ಕೇಳಿದರೆ ಎಲ್ಲರೂ “ದಿನಾ ತಗೊಳ್ತೀನಿ ಡಾಕ್ಟ್ರೇ” ಎನ್ನುತ್ತಾರೆ. ಸ್ಟ್ರಿಪ್ ತರಿಸಿ, ಉಳಿದ ಮಾತ್ರೆ ಎಣಿಸಿ. ಎಣಿಕೆಯಿಂದ ಎಷ್ಟು ತಪ್ಪಿತೆಂದು ತಿಳಿಯುತ್ತದೆ, ಸತತವಾಗಿ ತಪ್ಪಿತೋ ಇಲ್ಲವೋ ತಿಳಿಯದು. ಹಾಗಾಗಿ ‘ತಿಂಗಳಿಗೆ 7 ಅಥವಾ ಹೆಚ್ಚು ಮಾತ್ರೆ ಉಳಿದರೆ’ ಎಂದು ಪ್ರಶ್ನೆಯನ್ನೇ ತಿದ್ದಿ. ಈ ತಿದ್ದುಪಡಿ ಮಾಹಿತಿ ಸಂಗ್ರಹಕ್ಕೆ ಮೊದಲು ಆಗಬೇಕು. ನಂತರ ಮಾಡಿದರೆ ಅದು ಮೋಸ.

ಎಷ್ಟು ಜನ ಬೇಕು? ‘ನೂರು ಸಾಕು ಬಿಡಿ’ ಅನ್ನಬೇಡಿ. ಶೇ 30 ಮಂದಿ ಬಿಡಬಹುದೆಂಬ ಅಂದಾಜು, 5 ಅಂಶ ಆಚೀಚೆ ಪರವಾಗಿಲ್ಲವೆಂದರೆ 4×30×70ನ್ನು (70 ಎಂದರೆ ಬಿಡದವರ ಶೇಕಡಾವಾರು) 25ರಿಂದ, ಅಂದರೆ 5×5ರಿಂದ, ಭಾಗಿಸಿ: 336. ನಡುವೆ ಕೈಬಿಡುವವರಿಗೆಂದು ಇನ್ನಷ್ಟು ಸೇರಿಸಿ.

ಮಂಗನ ಕಾಯಿಲೆಯೇ ಬೇಕೆಂದು ಹಟ ಹಿಡಿಯುವವರಿದ್ದಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ನಮ್ಮದೇ, ಸರಿ. ಆದರೆ ಲ್ಯಾಬಿನ ಆಸರೆಯಿಲ್ಲದ ಒಂದು ಕ್ಲಿನಿಕ್ಕಿಗೆ ಅದು ದಕ್ಕುವುದಿಲ್ಲ. ನೋಟ್‌ಬುಕ್ಕಿಗೆ ದಕ್ಕುವ ಪ್ರಶ್ನೆ ಹಿಡಿಯಿರಿ. ಇಂಗ್ಲೆಂಡಿನ ಹಳ್ಳಿ ವೈದ್ಯ ವಿಲಿಯಂ ಪಿಕಲ್ಸ್ ಕಾಮಾಲೆ ಯಾರಿಂದ ಯಾರಿಗೆ, ಯಾವ ದಿನ ಹತ್ತಿತೆಂದು ಬರೆದಿಟ್ಟೇ ಸೋಂಕು ತಗುಲಿ ಎಷ್ಟು ದಿನಕ್ಕೆ ರೋಗ ಕಾಣುತ್ತದೆಂದು ಲೆಕ್ಕ ಹಾಕಿದ್ದು.

ಸಂಶೋಧನೆಯಿಂದ ರೋಗಿಗೆ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಗುವವರೆಗೆ ಒಬ್ಬ ರೋಗಿಯ ಮಾಹಿತಿಯನ್ನೂ ಅಧ್ಯಯನಕ್ಕೆ ಸೇರಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಓದಿಕೊಳ್ಳಿ. ಒಪ್ಪಿಗೆ ಪತ್ರಕ್ಕೆ ನೀವೇ ಸಹಿ ಕೇಳಬೇಡಿ: “ನೀವು ಹೇಳಿದ್ಮೇಲೆ ಇನ್ನೇನು” ಎಂದು ಅಜ್ಜಿ ಹೆಬ್ಬೆಟ್ಟು ಒತ್ತಿಬಿಡುತ್ತಾರೆ. ಚಿಕಿತ್ಸೆಗೆ ಸಂಬಂಧವಿಲ್ಲದ ಒಬ್ಬರು ಓದಿ ಹೇಳಿ ಕೇಳಲಿ.

ಲೆಕ್ಕಕ್ಕೆ ಕದ್ದ ಸಾಫ್ಟ್‌ವೇರ್ ಬೇಡ, ಅಂಕಿಅಂಶ ಲೆಕ್ಕ ಹಾಕುವ ‘ಆರ್’ (R) ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ‘ಥೀಸಿಸ್ ಬರೆದುಕೊಡುತ್ತೇವೆ’ ಎಂಬ ವಾಟ್ಸಾಪ್ ಬಂದರೆ ಬ್ಲಾಕ್ ಮಾಡಿ, ಮಾತ್ರೆ ಎಣಿಸಲು ಕೂರಿ.